ಮೇಷ್ಟ್ರ ಮನಸ್ಸಿಗೂ ಹಕ್ಕಿದೆ
(ಕಾನಹೊಸಹಳ್ಳಿಯ ಜುಮಾ ಪ್ರವಚನದ ಸಾರ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು.

ಆತ್ಮೀಯ ಸಹೋದರರೇ, ತಮ್ಮನ್ನು ಶಿಕ್ಷಕರನ್ನಾಗಿ ಕಳುಹಿಸಲಾಗಿದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಕಲಿಸುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೆ? ಆದರೆ ಆ ಕೆಲಸ ಮಾಡುವವರ ಮನಸ್ಸು ಹೇಗಿದೆ ಎಂದು ನಾವು ಕೇಳಿದ್ದೇವೆಯೇ?

ನಮ್ಮ ಸರಕಾರಿ ಶಾಲೆಗಳನ್ನೇ ನೋಡಿ. ನಲಿ-ಕಲಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲೂ ಮನೆಮನೆ ಸುತ್ತಿದವರು ಇವರೇ. ಅತಿಥಿ ಶಿಕ್ಷಕರಿಗಂತೂ ಮುಂದಿನ ವರ್ಷ ಕೆಲಸ ಸಿಗುವುದೋ ಇಲ್ಲವೋ ಎಂಬ ಚಿಂತೆ ಬೇರೆ. ದಣಿದ ಮನಸ್ಸು ಬೇಗ ಸಿಡುಕುತ್ತದೆ. ಆ ಸಿಡುಕು ಬೀಳುವುದು ನಮ್ಮ ಮಕ್ಕಳ ಮೇಲೆಯೇ.

ಶಿಕ್ಷಕರ ವ್ಯಕ್ತಿತ್ವ ದೊಡ್ಡ ಗಂಟಲಿನಲ್ಲಿಲ್ಲ, ಬೆತ್ತದಲ್ಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಪ್ರವಾದಿಯವರ(ಸ) ಮಾದರಿ ಅದಕ್ಕೂ ಹಳೆಯದು. ಸಹಾಬಿ ಮುಆವಿಯಾ ಬಿನ್ ಹಕಮ್(ರ) ತಿಳಿಯದೆ ನಮಾಝ್‌ನ ನಡುವೆ ಮಾತಾಡಿಬಿಟ್ಟರು. ಪ್ರವಾದಿಯವರು(ಸ) ಗದರಲಿಲ್ಲ, ಬೈಯಲಿಲ್ಲ, ಸರಿಯಾದುದನ್ನು ತಿಳಿಸಿಕೊಟ್ಟರು. ಅಂಥ ಶಿಕ್ಷಕರನ್ನು ಇನ್ನೆಲ್ಲೂ ಕಾಣಲಿಲ್ಲವೆಂದು ಆ ಸಹಾಬಿ ನೆನೆದರು.

ಆತ್ಮವಿಶ್ವಾಸವೆಂದರೆ ಎಲ್ಲವೂ ಗೊತ್ತೆಂದು ತೋರಿಸಿಕೊಳ್ಳುವುದಲ್ಲ. ಇಮಾಮ್ ಮಾಲಿಕ್‌ರಂಥ(ರ) ವಿದ್ವಾಂಸರೇ ಎಷ್ಟೋ ಪ್ರಶ್ನೆಗಳಿಗೆ ಗೊತ್ತಿಲ್ಲವೆಂದು ಹೇಳುತ್ತಿದ್ದರು. "ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎನ್ನುವ ಮೇಷ್ಟ್ರು ಮಕ್ಕಳ ಕಣ್ಣಲ್ಲಿ ಸಣ್ಣವರಾಗುವುದಿಲ್ಲ. ಪ್ರಶ್ನೆ ಕೇಳಲು ಮಕ್ಕಳಿಗೂ ಧೈರ್ಯ ಬರುತ್ತದೆ.

ಶಿಕ್ಷಕ ಬಂಧುಗಳೇ, ಹಗಲು ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ದೇಹ ದಂಡಿಸುತ್ತಿದ್ದ ಅಬೂ ದರ್ದಾರಿಗೆ(ರ) ಸಲ್ಮಾನ್(ರ) ಬುದ್ಧಿ ಹೇಳಿದರು: ನಿಮ್ಮ ಮೇಲೆ ನಿಮಗೂ ಹಕ್ಕಿದೆ, ಮನೆಯವರಿಗೂ ಹಕ್ಕಿದೆ. ಪ್ರವಾದಿಯವರು(ಸ) ಆ ಮಾತನ್ನು ಸರಿಯೆಂದರು. ಆರಾಧನೆಗೇ ಮಿತಿಯಿರುವಾಗ ಕಚೇರಿ ಕಾಗದಕ್ಕೆ ಇರಬಾರದೇ? ನಿದ್ದೆ ಬಾರದಿದ್ದರೆ, ಶಾಲೆಯ ಹೆಸರೆತ್ತಿದರೆ ಎದೆ ಬಡಿದುಕೊಳ್ಳುತ್ತಿದ್ದರೆ, ಮುಚ್ಚಿಡಬೇಡಿ. ಜೊತೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ದುಆ ಮಾಡಿ, ಚಿಕಿತ್ಸೆಯನ್ನೂ ಪಡೆಯಿರಿ, ಎರಡಕ್ಕೂ ವಿರೋಧವಿಲ್ಲ.

ಪಾಲಕರೇ, ಮಕ್ಕಳೆದುರು ಮೇಷ್ಟ್ರನ್ನು ಹಗುರವಾಗಿ ಆಡಬೇಡಿ. ದೂರಿದ್ದರೆ ಶಾಲೆಗೆ ಹೋಗಿ ಅವರೊಂದಿಗೇ ಕೂತು ಮಾತಾಡಿ. ಎಸ್‌ಡಿಎಂಸಿ ಸಭೆ ತಪ್ಪಿಸಬೇಡಿ. ಮಗು ಚೆನ್ನಾಗಿ ಕಲಿತ ದಿನವೂ ಒಮ್ಮೆ ಹೋಗಿ ಹೇಳಿಬನ್ನಿ, ಅದಕ್ಕೆ ಖರ್ಚಿಲ್ಲ.

ನಮಗೆ ಅಕ್ಷರ ಕೊಟ್ಟವರ ಮನಸ್ಸಿಗೆ ಅಲ್ಲಾಹನು ನೆಮ್ಮದಿ ಕೊಡಲಿ. ಆಮೀನ್.