ಯಂತ್ರ ಹೊಸದಾದರೆ ಸಾಲದು, ಅದಕ್ಕೆ ಕನ್ನಡ ಬರಬೇಕು

(ಬೆಂಗಳೂರಿನಿಂದ ಹೆಬ್ಬೆಗೆ ಬಂದಿದ್ದ ಸಾಫ್ಟ್‌ವೇರ್ ಉದ್ಯೋಗಿ ಯುವಕ ಯುವತಿಯರ ಮುಂದೆ ತರೀಕೆರೆ ಕಡೆಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಕುಲುಕಾಡಿಕೊಂಡು ಇಲ್ಲಿಗೆ ಬಂದಿದ್ದೀರಿ. ಸಿಗ್ನಲ್ ಹುಡುಕಿ ಹುಡುಕಿ ಸಾಕಾಗಿ ಫೋನು ಜೇಬಿಗೆ ಹಾಕಿಕೊಂಡಿದ್ದೀರಿ. ಒಳ್ಳೆಯದೇ ಆಯಿತು, ನನ್ನ ಮಾತು ಕೇಳುತ್ತೀರಿ.

ದಾರಿಯುದ್ದಕ್ಕೂ ನಿಮ್ಮ ಮಾತು ನನ್ನ ಕಿವಿಗೂ ಬಿತ್ತು. ಒಬ್ಬರ ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರ. ಇನ್ನೊಬ್ಬರ ಬಳಿ ಹೇಳಿದಂತೆ ಪ್ರೋಗ್ರಾಂ ಬರೆದುಕೊಡುವ ಎಐ. ಮತ್ತೊಬ್ಬರು ಕಿವಿಗೆ ಸಿಕ್ಕಿಸಿದ ಯಂತ್ರ ಪರಭಾಷೆಯನ್ನು ಅನುವಾದಿಸುತ್ತದೆ ಎಂದು ಕುಣಿಯುತ್ತಿದ್ದರು. ಕುಣಿಯಿರಿ, ಬೇಡವೆನ್ನುವುದಿಲ್ಲ. ನಾನು ಓದಿದ್ದು ಪಿಯುಸಿ, ಬದುಕಿದ್ದು ಯಂತ್ರಗಳ ನಡುವೆ. ಹೊಸ ಯಂತ್ರ ಬಂದರೆ ನನಗೂ ನಿದ್ದೆ ಬರುವುದಿಲ್ಲ. ಆದರೆ ಕೊಳ್ಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಇದಕ್ಕೆ ಕನ್ನಡ ಬರುತ್ತದೆಯೆ? ಇದು ಬರೀ ಅಭಿಮಾನದ ಪ್ರಶ್ನೆ ಅಲ್ಲ, ನನ್ನ ಅನ್ನದ ಪ್ರಶ್ನೆ.

ನಮ್ಮಪ್ಪನ ಕಾಲದಲ್ಲಿ ಪ್ರೆಸ್ಸಿನಲ್ಲಿದ್ದದ್ದು ಟ್ರೆಡಲ್ ಮೆಷಿನ್. ಇಂಗ್ಲಿಷಿಗೆ ಎರಡು ಕೇಸು ಮೊಳೆ ಇದ್ದರೆ ಮುಗಿಯಿತು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ, ನೂರಾರು ಖಾನೆ. ಕಣ್ಣು ಮುಚ್ಚಿಕೊಂಡೇ ಯಾವ ಖಾನೆಯಲ್ಲಿ ಯಾವ ಮೊಳೆ ಎಂದು ಹೇಳುವ ಕಂಪೋಸಿಟರುಗಳಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಾಗ ಅದನ್ನು ಅಚ್ಚು ಹಾಕಿದ್ದು ಕಲ್ಲಿನ ಮೇಲೆ ಬರೆದು. ಯಂತ್ರ ನಮ್ಮ ಲಿಪಿಗೆ ಎಂದೂ ತಾನಾಗಿ ಬಗ್ಗಲಿಲ್ಲ. ಯಾರೋ ಒಬ್ಬರು ಕೂತು ಬಗ್ಗಿಸಬೇಕಾಯಿತು.

ಕಂಪ್ಯೂಟರನ್ನು ಹಾಗೆ ಬಗ್ಗಿಸಿದವರಲ್ಲಿ ದೊಡ್ಡವರು ಕಿನ್ನಿಕಂಬಳದ ಕೆ.ಪಿ. ರಾವ್. ನಿಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಸ್ಟೀವ್ ಜಾಬ್ಸ್ ಹೆಸರು ಎಲ್ಲರಿಗೂ ಗೊತ್ತು! ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದವರು ಅವರು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಕ ಆದ ಮೇಲೆ ಐ ಒತ್ತಿದರೆ ಕಿ. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ. ನೂರಾರು ಖಾನೆಯ ಕೇಸು ಅಂಗೈಯಗಲದ ಹಲಗೆಯಾಯಿತು. ಕನ್ನಡದ ವ್ಯಾಕರಣ ಗೊತ್ತಿದ್ದವರು ಮಾತ್ರ ಮಾಡಬಹುದಾದ ಕೆಲಸ ಇದು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ತಂತ್ರಾಂಶಕ್ಕಾಗಿ ತಲೆ ಕೆಡಿಸಿಕೊಂಡಿದ್ದರು. ಕಥೆ ಬರೆಯುವವರಿಗೆ ಇದರ ಉಸಾಬರಿ ಏಕೆ ಎನ್ನಬೇಡಿ. ನಾಳೆ ಯಂತ್ರದಲ್ಲಿ ಇಲ್ಲದ ಭಾಷೆ ನಾಳಿದ್ದು ಅಂಗಡಿಯಲ್ಲೂ ಇರುವುದಿಲ್ಲ, ಕಚೇರಿಯಲ್ಲೂ ಇರುವುದಿಲ್ಲ.

ಇನ್ನು ಒಂದು ಕಹಿ ಸಂಗತಿ. ಆ ಕಾಲದ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷ್ ಕಲಸುಮೇಲೋಗರ! ಫಾಂಟು ಇಲ್ಲದಿದ್ದರೆ ಓದಲು ಬಾರದು. ನನ್ನ ಪ್ರೆಸ್ಸಿಗೆ ಒಬ್ಬ ಮೇಷ್ಟ್ರು ತಮ್ಮ ಹಳೆಯ ಪುಸ್ತಕದ ಸಿಡಿ ತಂದರು, ಎರಡನೆಯ ಮುದ್ರಣ ಮಾಡಿಸಲು. ಆ ಫಾಂಟು ಮಾಡಿದ ಕಂಪನಿ ಬಾಗಿಲು ಹಾಕಿ ವರ್ಷಗಳಾಗಿದ್ದವು. ಫೈಲು ತೆರೆಯಿತು, ಕನ್ನಡ ತೆರೆಯಲಿಲ್ಲ. ಕೊನೆಗೆ ಅಚ್ಚಾದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು 200 ಪುಟ ಮತ್ತೆ ಟೈಪ್ ಮಾಡಿದೆವು. ಅವರದೇ ಬರಹ, ಅವರದೇ ಸಿಡಿ, ಬೀಗದ ಕೈ ಮಾತ್ರ ಯಾರದೋ!

ಈ ರೋಗಕ್ಕೆ ಮದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಕೇರಿ ಸಿಕ್ಕಿತು. ಕ ಎಂದರೆ ಜಗತ್ತಿನ ಯಾವ ಮೂಲೆಯಲ್ಲೂ ಅದೇ ಸಂಖ್ಯೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂತು. ಆದರೆ ನಮ್ಮ ಪ್ರೆಸ್ಸುಗಳ ಅನ್ನದಾತ ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಿರಲಿಲ್ಲ. ಹಾಗಾಗಿ ಲೋಕ ಮುಂದೆ ಹೋದ ಮೇಲೂ ಎಷ್ಟೋ ಪುಸ್ತಕ, ಎಷ್ಟೋ ಪತ್ರಿಕೆ ಹಳೆಯ ಫಾಂಟಿನಲ್ಲೇ ತಯಾರಾದವು. ಅವು ಹುಡುಕಿದರೆ ಸಿಗುವುದಿಲ್ಲ.

ಈಗ ನಿಮ್ಮ ವೃತ್ತಿಗೆ ಬರುತ್ತೇನೆ. ‘ತಿಮ್ಮಪ್ಪ’ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಮೂರು ಅಕ್ಷರ: ತಿ, ಮ್ಮ, ಪ್ಪ. ಯಂತ್ರಕ್ಕೆ ಎಂಟು ಸಂಖ್ಯೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24 ಬೈಟ್. ಇಂಗ್ಲಿಷ್ ಹೆಸರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹೆಸರಿಗೆ 20 ಬೈಟ್ ಸಾಕೆಂದು ಯಾರಾದರೂ ತೀರ್ಮಾನಿಸಿದರೆ ತಿಮ್ಮಪ್ಪ ಕಡಿದುಹೋಗಿ ‘ತಿಮ್ಮಪ’ ಆಗುತ್ತಾನೆ, ಬಾಲಕ್ಕೆ ಕಸದ ಚಿಹ್ನೆ. ಇಂಗ್ಲಿಷ್ ಎಸ್‌ಎಂಎಸ್ಸಿಗೆ 160 ಅಕ್ಷರ, ಕನ್ನಡದಲ್ಲಿ ಕಳಿಸಿದರೆ ಸಾಮಾನ್ಯವಾಗಿ 70. ಅದೂ ಸ್ವರಚಿಹ್ನೆ, ಒತ್ತು ಎಲ್ಲ ಲೆಕ್ಕ ಹಿಡಿದು. ಇವೆಲ್ಲ ಬ್ರಹ್ಮ ಬರೆದ ಹಣೆಬರಹವೆ? ಅಲ್ಲ. ಕೂತು ಬರೆಯುವವರು ಮಾಡುವ ತೀರ್ಮಾನ. ಆ ಕುರ್ಚಿಯಲ್ಲಿ ಇಂದು ಕೂತಿರುವವರು ನೀವು. ಕನ್ನಡ ಬಲ್ಲ ಇಂಜಿನಿಯರು ಬೆಂಗಳೂರಿನಲ್ಲಿ ಕೂತೂ ತಿಮ್ಮಪ್ಪನ ಹೆಸರು ಕತ್ತರಿಸಿಹೋದರೆ ಯಾರನ್ನು ಬೈಯೋಣ?

ಬೇಸರ ಬೇಡ, ಬೆರಗಾಗುವಂಥವೂ ಇವೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಎಲ್ಲರಿಗೂ ಮುಕ್ತ, ಲಕ್ಷಕ್ಕೂ ಮೀರಿದ ಪದಗಳು. 1894ರ ಕಿಟೆಲ್ ನಿಘಂಟನ್ನು ಹೆಗಲ ಮೇಲೆ ಹೊತ್ತು ತಿರುಗಬೇಕಿತ್ತು, ಇದು ಬೆರಳ ತುದಿಯಲ್ಲಿದೆ. ‘ವಚನ ಸಂಚಯ’ದಲ್ಲಿ ಒಂದು ಪದ ಹಾಕಿದರೆ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ತೋರಿಸುತ್ತದೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಅಚ್ಚಾದ ಪುಟದ ಫೋಟೋ ಕೊಟ್ಟರೆ ಅಕ್ಷರ ಬಿಡಿಸಿಕೊಡುವ ತಂತ್ರಾಂಶವೂ ಇದೆ, ಟೆಸರಾಕ್ಟ್ ಎಂದು ಹೆಸರು, ಕಾಸಿಲ್ಲ. ಆದರೆ ಮಸುಕಾದ ಅಚ್ಚಿನಲ್ಲಿ ಪ ಯಾವುದು ಷ ಯಾವುದು, ಧ ಯಾವುದು ಥ ಯಾವುದು ಎಂದು ಯಂತ್ರ ತಡಬಡಾಯಿಸುತ್ತದೆ. ಪ್ರೂಫು ನೋಡುವ ಕಣ್ಣು ಇಂದಿಗೂ ಬೇಕು.

ಇನ್ನು ನೀವು ಕೊಂಡಾಡುವ ಎಐ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರಕಾರದ ‘ಭಾಷಿಣಿ’ ಬಂದದ್ದು 2022ರಲ್ಲಿ. ಈಗ ಯಂತ್ರ ಕನ್ನಡದಲ್ಲಿ ಪತ್ರವನ್ನೇ ಬರೆದುಕೊಡುತ್ತದೆ. ಅದು ಕನ್ನಡ ಕಲಿಯುವುದು ಎಲ್ಲಿಂದ? ನಾವು ಬರೆದು, ಯಂತ್ರ ಓದುವಂತೆ ಇಟ್ಟದ್ದರಿಂದ. ನಮ್ಮ ಮಲೆನಾಡಿನ ಗೊರಬು, ಅಡಿಕೆ ಕೊಯ್ಯುವ ದೋಟಿ, ಬ್ಯಾಣ ಇವನ್ನು ನಾವು ಬರೆಯದಿದ್ದರೆ ಅದಕ್ಕೆ ಹೇಳಿಕೊಡುವವರು ಯಾರು? ಅಮೆರಿಕದವರು ಬಂದು ಬರೆಯುತ್ತಾರೆಯೆ? ಹಳೆಯ ಫಾಂಟಿನ ಫೈಲುಗಳಲ್ಲಿ ಕೊಳೆಯುತ್ತಿರುವ ಪುಸ್ತಕಗಳು ಆ ಯಂತ್ರದ ಪಾಲಿಗೆ ಹುಟ್ಟಿಯೇ ಇಲ್ಲ. ಬಡ ಕನ್ನಡ ಉಣಿಸಿದರೆ ಬಡ ಕನ್ನಡವನ್ನೇ ಕಕ್ಕುತ್ತದೆ. ನಾಳೆ ನಮ್ಮ ಮಕ್ಕಳು ಅದನ್ನೇ ಕನ್ನಡ ಎಂದು ಕಲಿಯುತ್ತಾರೆ.

ಆದ್ದರಿಂದ ಗೆಳೆಯರೆ, ಚಪ್ಪಾಳೆ ಬೇಡ, ಕೆಲಸ ಬೇಕು.

ಒಂದು: ಇಂದೇ ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಬಿಡಿ.

ಎರಡು: ನೀವು ಬರೆಯುವ ಪ್ರತಿ ತಂತ್ರಾಂಶಕ್ಕೂ ‘ತಿಮ್ಮಪ್ಪ’ ಎಂಬ ಪರೀಕ್ಷೆ ಇಡಿ. ಒತ್ತು ಒಡೆಯಿತೆ? ಹುಡುಕಿದರೆ ಸಿಕ್ಕಿತೆ? ಬರಹವನ್ನು ಹೊರಗೆ ತೆಗೆದುಕೊಳ್ಳಲು ಬಂತೆ? ಬರದಿದ್ದರೆ ಮೇಲಿನವರಿಗೆ ಹೇಳಿ, ಮತ್ತೆ ಮತ್ತೆ ಹೇಳಿ.

ಮೂರು: ನಿಮ್ಮ ಊರಿನಲ್ಲಿ ಒಂದು ಹಳೆಯ ಪ್ರೆಸ್ಸು ಇದ್ದೇ ಇರುತ್ತದೆ. ಅದರ ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನ ಫೈಲುಗಳು ಇದ್ದೇ ಇರುತ್ತವೆ. ಒಂದು ಭಾನುವಾರ ಹೋಗಿ. ಬರೆದವರನ್ನು ಒಪ್ಪಿಸಿ ಯೂನಿಕೋಡಿಗೆ ತಿರುಗಿಸಿ, ಪ್ರೂಫು ನೋಡಿ, ಜತನ ಮಾಡಿ. ಹಾರ್ಡ್ ಡಿಸ್ಕು ಸತ್ತ ಮೇಲೆ ಹೋಗಿ ಅಳಬೇಡಿ.

ಕೆ.ಪಿ. ರಾವ್ ಅವರಿಗೆ ಕನ್ನಡ ಗೊತ್ತಿತ್ತು, ಯಂತ್ರ ಗೊತ್ತಿತ್ತು. ನಿಮಗೂ ಎರಡೂ ಗೊತ್ತು. ನನ್ನಂಥವನಿಗೆ ಅಚ್ಚು ಹಾಕುವುದಷ್ಟೇ ಗೊತ್ತು. ಉಳಿದದ್ದು ನಿಮ್ಮ ಪಾಲು.

ಸಿರಿಗನ್ನಡಂ ಗೆಲ್ಗೆ.