ಹೊಸ ಈಲಿಯನ್ನು ಬೆಳೆಸಬಹುದೆ?

ಪಿತ್ತಜನಕಾಂಗಕ್ಕೆ ಕನ್ನಡದಲ್ಲಿ ಈಲಿ ಎಂಬ ಚಿಕ್ಕ ಹೆಸರುಂಟು. ಬಲಪಕ್ಕೆಯ ಮರೆಯಲ್ಲಿ ಕುಳಿತು, ಪಿತ್ತರಸವನ್ನು ಒಸರಿಸುವುದು, ಸಕ್ಕರೆಯನ್ನು ಕೂಡಿಡುವುದು, ವಿಷವನ್ನು ಕಳೆಯುವುದು, ಹೀಗೆ ನೂರು ಕೆಲಸ ಮಾಡುವ ಅಂಗ ಇದು. ಮೂತ್ರಪಿಂಡ ಕೆಟ್ಟರೆ ಯಂತ್ರದ ನೆರವಿನಿಂದ ವರ್ಷಗಟ್ಟಲೆ ಬದುಕಬಹುದು. ಈಲಿಗೆ ಅಂಥ ಯಂತ್ರವಿಲ್ಲ. ಅದು ಪೂರ್ತಿ ಕೆಟ್ಟಾಗ ಇನ್ನೊಬ್ಬರದನ್ನು ಕಸಿ ಮಾಡಬೇಕು. ನಮ್ಮ ದೇಶದಲ್ಲಿ ಬಹುಪಾಲು ಕೊಡುವವರು ಮನೆಯವರೇ: ತಂದೆಗೆ ಮಗ, ಮಗುವಿಗೆ ತಾಯಿ. ಭಾಗ ಕೊಟ್ಟರೂ ಉಳಿದದ್ದು ಬೆಳೆದುಕೊಳ್ಳುವುದರಿಂದ ಇದು ಸಾಧ್ಯ. ಇಲಿಯ ಈಲಿಯಲ್ಲಿ ಮೂರರಲ್ಲೆರಡು ಪಾಲನ್ನು ತೆಗೆದರೂ ಅದು ಮತ್ತೆ ತುಂಬಿಕೊಳ್ಳುವುದನ್ನು ಹಿಗ್ಗಿನ್ಸ್ ಮತ್ತು ಆ್ಯಂಡರ್ಸನ್ 1931ರಲ್ಲಿಯೇ ತೋರಿಸಿದ್ದರು.

ಹಾಗಾದರೆ ಹೊರಗೆ ಬೆಳೆಸಬಾರದೇಕೆ? ಗಾಜಿನ ತಟ್ಟೆಯಲ್ಲಿಟ್ಟ ಈಲಿಯ ಜೀವಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಕಸುಬನ್ನೇ ಮರೆಯುತ್ತವೆ! ಜಪಾನಿನ ಯಮಾನಾಕಾ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನು ಯಾವ ಅಂಗವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳ ಸ್ಥಿತಿಗೆ ಮರಳಿಸಿದರು. 2013ರಲ್ಲಿ ಯೊಕೊಹಾಮದ ತಾಕೆಬೆ ಮತ್ತು ಸಂಗಡಿಗರು ಅಂಥ ಕೋಶಗಳಿಂದ ಪಡೆದ ಈಲಿಕೋಶಗಳ ಜೊತೆಗೆ ಇನ್ನೆರಡು ಬಗೆಯ ಕೋಶಗಳನ್ನು ಬೆರೆಸಿದಾಗ, ಅವು ತಾವೇ ಕೂಡಿ ಪುಟ್ಟ ಮೊಗ್ಗಾದವು. ಇಲಿಯ ದೇಹದಲ್ಲಿಟ್ಟ 48 ಗಂಟೆಗಳೊಳಗೆ ಆ ಮೊಗ್ಗಿನ ನಾಳಗಳು ಇಲಿಯ ರಕ್ತನಾಳಗಳೊಡನೆ ಬೆಸೆದುಕೊಂಡವು.

ಕಷ್ಟವಿರುವುದು ಇಲ್ಲಿಯೇ. ಮೊಗ್ಗು ಕಾಳಿನಷ್ಟು, ಬೇಕಾದದ್ದು ಒಂದೂವರೆ ಕಿಲೋ. ರಕ್ತನಾಳದಿಂದ ಕೂದಲೆಳೆಯಷ್ಟು ದೂರ ಸರಿದರೆ ಸಾಕು, ಕೋಶಕ್ಕೆ ಉಸಿರಿಲ್ಲ. ಬಾಸ್ಟನ್ನಿನವರು 2010ರಲ್ಲಿ ಬೇರೆ ಹಾದಿ ಹಿಡಿದರು: ಇಲಿಯ ಈಲಿಯನ್ನು ಸಾಬೂನಿನಂಥ ದ್ರಾವಣದಲ್ಲಿ ತೊಳೆದರು. ಬಲಿತು ಒಣಗಿದ ಹೀರೆಕಾಯಿಯಲ್ಲಿ ತಿರುಳು ಹೋಗಿ ನಾರಿನ ಬಲೆ ಉಳಿಯುವುದಿಲ್ಲವೆ, ಹಾಗೆ ನಾಳಗಳ ಹಂದರ ಮಾತ್ರ ಉಳಿಯಿತು. ಅದರೊಳಗೆ ಹೊಸ ಕೋಶಗಳನ್ನು ತುಂಬಿ ಬೇರೆ ಇಲಿಗೆ ಕೂಡಿಸಿದರು. ನಡೆದದ್ದು ಕೆಲವು ಗಂಟೆ ಮಾತ್ರ. ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆ 2015ರಲ್ಲಿ ಮುದ್ರಿಸಿ ತೋರಿಸಿದ ಈಲಿಯ ತುಣುಕು ಮುಖ್ಯವಾಗಿ ಔಷಧ ಪರೀಕ್ಷೆಗೆ. ಪೂರ್ತಿ ಅಂಗ ಬೇಡ, ಹೊಟ್ಟೆಯ ದುಗ್ಧಗ್ರಂಥಿಯಲ್ಲಿ ಈಲಿಕೋಶಗಳನ್ನು ಬಿತ್ತಿ ನೋಡೋಣ ಎಂಬ ಅಮೆರಿಕದವರ ಉಪಾಯ 2024ರಲ್ಲಿ ಮೊದಲ ರೋಗಿಯನ್ನು ಮುಟ್ಟಿತು. ನನಗೆ ಇದೇ ಹತ್ತಿರದ ದಾರಿಯೆಂದು ತೋರುತ್ತದೆ.

ಪ್ರಯೋಗಶಾಲೆಯಲ್ಲಿ ಬೆಳೆಸಿದ ಪೂರ್ಣ ಈಲಿ ಇನ್ನೂ ಯಾವ ಮನುಷ್ಯನ ಒಡಲನ್ನೂ ಸೇರಿಲ್ಲ. ಹೀಗಿರುವಾಗ "ಕಾಂಡಕೋಶದ ಸೂಜಿಯಿಂದ ಈಲಿ ಹೊಸದಾಗುತ್ತದೆ" ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಮನೆಯಲ್ಲಿ ರೋಗಿಯಿದ್ದು ಅಂಥ ಮಾತು ಬಂದರೆ, ಇದು ನೋಂದಾಯಿತ ಪ್ರಯೋಗವೇ, ಹಾಗಿದ್ದರೆ ಹಣವೇಕೆ ಎಂದು ಕೇಳಿ. ಕಸಿಗೆ ವೈದ್ಯರು ಗೊತ್ತು ಮಾಡಿದ ದಿನವನ್ನು ಅದಕ್ಕಾಗಿ ಮುಂದೂಡಬೇಡಿ.