ಹಿತ್ತಿಲ ಸುಗಂಧ ಸಸ್ಯಗಳು: ಲ್ಯಾವೆಂಡರ್, ದವನ, ಲಾವಂಚ

(ಹೊಸಕೋಟೆ ಸೀಮೆಯ ಭೂಮಾಲಿಕರನ್ನೂ ಗ್ರಾಮದ ಮುಖಂಡರನ್ನೂ ಕುರಿತು ಮಾಡಿದ ಉಪನ್ಯಾಸ)



ಲ್ಯಾವೆಂಡರ್ ಎಂಬ ಸಸ್ಯದ ಹೆಸರನ್ನು ತಾವು ಈಚೆಗೆ ಹೆಚ್ಚಾಗಿ ಕೇಳುತ್ತಿರಬಹುದು. ಇದರ ತೈಲವನ್ನು ಸಾಬೂನಿಗೂ ಅತ್ತರಿಗೂ ಸೇರಿಸುವರು. ಒಣಗಿದ ಹೂವನ್ನು ಸಣ್ಣ ಚೀಲಗಳಲ್ಲಿ ಕಟ್ಟಿ ಬಟ್ಟೆಯ ಪೆಟ್ಟಿಗೆಯಲ್ಲಿಡುವರು. ಜಮ್ಮು ಪ್ರಾಂತದ ಭದರ್ವಾ ಕಣಿವೆಯಲ್ಲಿ ಮುಸುಕಿನ ಜೋಳ ಬೆಳೆಯುತ್ತಿದ್ದ ರೈತರು ಈ ಬೆಳೆಗೆ ಕೈಹಾಕಿ ಲಾಭ ಪಡೆದರು. 2022ರಲ್ಲಿ ಅಲ್ಲಿ ಲ್ಯಾವೆಂಡರ್ ಉತ್ಸವವೂ ನಡೆಯಿತು. ಈ ಸಂಗತಿಯನ್ನು ತಿಳಿದವರು ನಮ್ಮ ಸೀಮೆಯಲ್ಲಿಯೂ ಏಕೆ ಬೆಳೆಯಬಾರದೆಂದು ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇನೆ.

ಲ್ಯಾವೆಂಡರ್ ಮೆಡಿಟರೇನಿಯನ್ ಸಮುದ್ರದ ಸುತ್ತಣ ಬೆಟ್ಟಗಳ ಗಿಡ. ಕಡುಚಳಿಯ ಚಳಿಗಾಲ, ಒಣಹವೆಯ ಬೇಸಗೆ, ನೀರು ಬಸಿದುಹೋಗುವ ಸುಣ್ಣಗಲ್ಲಿನ ಭೂಮಿ, ಇವು ಅದಕ್ಕೆ ಹಿತ. ಹೊಸಕೋಟೆಯು ಸಮುದ್ರಮಟ್ಟಕ್ಕಿಂತ ಸುಮಾರು 2,900 ಅಡಿ ಎತ್ತರದಲ್ಲಿದ್ದರೂ ಇಲ್ಲಿ ಅಂತಹ ಚಳಿಯಿಲ್ಲ. ಮಳೆಯಾದರೋ ಗಿಡಕ್ಕೆ ಒಣಹವೆ ಬೇಕಾದ ತಿಂಗಳುಗಳಲ್ಲಿಯೇ ಸುರಿಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಸಾಯುವುದು. ಆಸೆಯುಳ್ಳವರು ಎರಡು ಮೂರು ಗಿಡಗಳನ್ನು ಮಣ್ಣಿನ ಕುಂಡದಲ್ಲಿ ಸಾಕಬಹುದು. ಮಣ್ಣಿಗೆ ಸಮನಾಗಿ ದಪ್ಪ ಮರಳನ್ನು ಬೆರಸಿ, ಬಿಸಿಲಿನಲ್ಲಿಟ್ಟು, ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆದು, ಮಳೆಗಾಲದಲ್ಲಿ ಸೂರಿನ ಕೆಳಕ್ಕೆ ಸರಿಸತಕ್ಕದ್ದು. ಆದರೆ ಸಾಲಮಾಡಿ ಸಸಿ ಕೊಂಡು ಹೊಲಕ್ಕೆ ನೆಡತಕ್ಕ ಬೆಳೆ ನಮಗೆ ಇದಲ್ಲ.

ಹಾಗಾದರೆ ಮನೆಗೆ ಪರಿಮಳವೇ ಬೇಡವೇ? ಆ ಕೆಲಸವನ್ನು ನಮ್ಮ ನೆಲಕ್ಕೆ ಒಗ್ಗಿದ ದವನ, ಲಾವಂಚಗಳು ಚೆನ್ನಾಗಿ ಮಾಡುತ್ತವೆ.

ದವನವು ಮೊಳಕಾಲೆತ್ತರ ಬೆಳೆಯುವ, ಬೂದುಹಸುರು ಎಲೆಯ ಗಿಡ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆಯೆಂದೇ ಹೆಸರು. ಹೂವಿನ ಮಾಲೆಯಲ್ಲಿ ಮರುಗದೊಡನೆ ದವನವನ್ನು ಸೇರಿಸದ ಊರು ನಮ್ಮಲ್ಲಿ ವಿರಳ. ಕೆಂಪುಗೋಡು ಭೂಮಿಯೂ, ಹಿಮ ಬೀಳುವ ಮಾಗಿಯೂ ಇದಕ್ಕೆ ಅನುಕೂಲ. ಅಕ್ಟೋಬರ್ ಕೊನೆಯಿಂದ ನವೆಂಬರಿನೊಳಗೆ ಒಟ್ಲುಪಾತಿ ಹಾಕಬೇಕು. ಒಂದು ಗುಂಟೆಗೆ ಸುಮಾರು ಹದಿನೈದು ಗ್ರಾಂ ಬೀಜ ಸಾಕು. ಬೀಜ ಬಹಳ ಸಣ್ಣದಾದುದರಿಂದ ಒದ್ದೆಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮರಳಿನೊಡನೆ ಕಲಸಿ ತೆಳುವಾಗಿ ಚೆಲ್ಲಬೇಕು. ಇರುವೆಗಳು ಬೀಜವನ್ನು ಹೊತ್ತೊಯ್ಯದಂತೆ ಕಾಯುವುದೂ, ಜರಡಿಬಾಯಿಯ ಡಬ್ಬಿಯಿಂದ ಮೆಲ್ಲಗೆ ನೀರು ಚಿಮುಕಿಸುವುದೂ ಅವಶ್ಯಕ. ನಾಲ್ಕೈದು ವಾರಗಳ ಸಸಿಗಳನ್ನು ಸಾಲಿನಿಂದ ಸಾಲಿಗೆ ಅರ್ಧ ಅಡಿ, ಗಿಡದಿಂದ ಗಿಡಕ್ಕೆ ಮೂರು ಅಂಗುಲ ಬಿಟ್ಟು ಸಂಜೆಯ ಹೊತ್ತು ನಾಟಿಮಾಡತಕ್ಕದ್ದು. ಬಿತ್ತಿದ ಸುಮಾರು ನಾಲ್ಕು ತಿಂಗಳಿಗೆ ಮೊಗ್ಗು ಬಿರಿಯತೊಡಗುತ್ತದೆ. ಪರಿಮಳ ತುಂಬಿರುವುದು ಆಗಲೇ. ಆಗ ಬುಡದಿಂದ ನಾಲ್ಕು ಅಂಗುಲ ಬಿಟ್ಟು ಕೊಯ್ದರೆ ಗಿಡ ಮತ್ತೆ ಚಿಗುರುವುದುಂಟು.

ಮನೆಯ ಬಳಕೆಗೆ ಕೊಯ್ದ ದವನವನ್ನು ಬಿಸಿಲಿಗೆ ಹಾಕಕೂಡದು. ನೆರಳಿನಲ್ಲಿ ಹಿಡಿಹಿಡಿಯಾಗಿ ಕಟ್ಟಿ ತೂಗುಹಾಕಿ, ಪೂರ್ತಿ ಒಣಗಿದ ಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಸೀರೆ ಪಂಚೆಗಳ ನಡುವೆ ಇಡಬಹುದು. ತೇವ ಉಳಿದಿದ್ದರೆ ಬೂಷ್ಟು ಹಿಡಿದು ಬಟ್ಟೆಯೂ ಕೆಡುವುದು.

ಲಾವಂಚದ ಪರಿಮಳವಿರುವುದು ಬೇರಿನಲ್ಲಿ. ಬೇರಿನ ಸಣ್ಣ ಕಟ್ಟನ್ನು ಕುಡಿಯುವ ನೀರಿನ ಮಡಕೆಯಲ್ಲಿ ಹಾಕುವುದೂ, ಬೇಸಗೆಯಲ್ಲಿ ಅದರ ತಡಿಕೆಯನ್ನು ಬಾಗಿಲಿಗೆ ಕಟ್ಟಿ ನೀರೆರಚುವುದೂ ಹಳೆಯ ರೂಢಿ. ಗುಂಡ್ಲುಪೇಟೆ ಕಡೆಯ ಒಕ್ಕಲಿಗರು ಇದನ್ನು ಹೊಲದ ಎಲ್ಲೆಗೆ ಬೇಲಿಯಂತೆ ಬೆಳೆಸಿದ್ದುಂಟು. ಬೇರು ಆಳಕ್ಕೆ ನೆಟ್ಟಗೆ ಇಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಬದುವಿನ ಲಾವಂಚವನ್ನು ಬೇರಿನ ಆಸೆಗೆ ಅಗೆದರೆ ಬದುವೇ ಸಡಿಲಿ, ಮುಂದಿನ ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಸೇರುವುದು. ಬೇರಿಗೆಂದು ಬಚ್ಚಲ ನೀರು ಹರಿಯುವ ಕಡೆ, ಮರಳು ಬೆರಸಿದ ಸಡಿಲ ಮಣ್ಣಿನಲ್ಲಿ ಬೇರೆಯಾಗಿ ನೆಡಿರಿ. ಒಂದೂವರೆ ವರ್ಷಕ್ಕೆ ಅಗೆಯಬಹುದು.

ಇನ್ನು ಮಾರಾಟದ ವಿಚಾರ. ದವನದ ತೈಲಕ್ಕೆ ಹೊರದೇಶಗಳಲ್ಲಿಯೂ ಬೇಡಿಕೆಯುಂಟು. ಆದರೆ ನೂರು ಕಿಲೋ ಹಸಿ ದವನದಿಂದ ದೊರೆಯುವ ತೈಲ ಕಾಲು ಕಿಲೋವನ್ನು ಮುಟ್ಟುವುದೂ ಅಪರೂಪ. ಭಟ್ಟಿಯೂ ಕೊಳ್ಳುವವನೂ ಗೊತ್ತಾಗದೆ ಎಕರೆಗಟ್ಟಲೆ ಬೆಳೆದವನು ಕೊಯ್ಲಿನ ವಾರದಲ್ಲಿ ಕೇಳಿದ ಬೆಲೆಗೆ ಕೊಡಬೇಕಾಗುವುದು, ಇಲ್ಲವೇ ಬೆಳೆಯನ್ನು ಒಣಗಲು ಬಿಡಬೇಕಾಗುವುದು. ಆದಕಾರಣ ಮೊದಲ ವರ್ಷ ಒಂದೊಂದು ಗುಂಟೆಗೆ ಮೀರದೆ, ಹೂವಿನ ಮಂಡಿಗೆ ಕಟ್ಟುಗಳಾಗಿ ಕಳುಹಿಸಿ ನೋಡುವುದು ಲೇಸು. ಬೆಂಗಳೂರು ಹತ್ತಿರವಿರುವುದು ನಮಗೆ ಅನುಕೂಲ. ತೈಲದ ಯೋಚನೆಯುಳ್ಳವರು ಅಲ್ಲಾಳಸಂದ್ರದ ಸೀಮ್ಯಾಪ್ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು. ಸಸಿ ಮಾರಲು ಊರಿಗೆ ಬಂದವರನ್ನು “ಬೆಳೆಯನ್ನು ಕೊಳ್ಳುವವರು ಯಾರು? ಬರಹದಲ್ಲಿ ಕೊಡುವಿರಾ?” ಎಂದು ಎಲ್ಲರ ಮುಂದೆ ಕೇಳುವುದು ಮುಖಂಡರ ಕರ್ತವ್ಯ.

ಕೊನೆಯದಾಗಿ, ದವನದ ಬೀಜ ಬಹುಕಾಲ ಬಾಳುವುದಿಲ್ಲ. ಒಂದು ವರ್ಷ ಕಳೆದರೆ ಮೊಳಕೆಯ ಶಕ್ತಿ ಬಹಳ ಕುಂದುವುದು. ಒಂದು ಮೂಲೆಯ ಗಿಡಗಳನ್ನು ಕೊಯ್ಯದೆ ಬೀಜಕ್ಕೆಂದು ಬಿಟ್ಟು, ಚೆನ್ನಾಗಿ ಒಣಗಿಸಿಟ್ಟು, ಮರುವರ್ಷವೇ ಬಿತ್ತಬೇಕು. ಊರಿನಲ್ಲಿ ನಾಲ್ಕು ಮನೆಗಳಾದರೂ ಹೀಗೆ ಬೀಜ ಉಳಿಸಿಕೊಂಡರೆ ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಲ್ಲಿ ಸಿಕ್ಕುವುದು. ತಾವು ಮೊದಲು ತಮ್ಮ ಹಿತ್ತಿಲಿನಲ್ಲಿ ಒಂದು ಪಾತಿ ಮಾಡಿ ತೋರಿಸಿದರೆ ನೆರೆಹೊರೆಯವರು ನೋಡಿ ಕಲಿಯುವರೆಂದು ಅರಿಕೆಮಾಡಿ ಮುಗಿಸುತ್ತೇನೆ.